ಗುರಿಮಣಿ ಮತ್ತು ನನ್ನ ಇಕಾಮಾ

ಕುವೈತಿನ ರಾಯ್ ಬಡಾವಣೆಯ ಲೇತ್ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಕುವೈತಿ ಮುದುಕನೊಬ್ಬ ಬಂದು ಟವೆಲ್ ಬಿಚ್ಚಿದ. ಒಳಗೆ ಕರಿಮದ್ದು ತುಂಬಿ ಹೊಡೆಯುವ ಹಳೇ ರಿವಾಲ್ವರ್. ಖಾಲಿ ಇದೆ ಎಂದು ಮೂರು ಸಲ ತೋರಿಸಿದ. ಅಷ್ಟು ತೋರಿಸಿದ್ದಕ್ಕೇ ನನಗೆ ಅನುಮಾನ ಬಂತು.

"ಡಬ್ಬಿಗೆ ಗುರಿಯಿಟ್ಟರೆ ಗುಂಡು ಮೇಲೆ ಹೋಗ್ತದೆ. ನಳಿಗೆ ತುದಿಯ ಗುರಿಮಣಿ ಗಿಡ್ಡ ಆಯ್ತು. ಎತ್ತರದ್ದು ಕೂರಿಸು," ಎಂದ, ಅರ್ಧ ಹಿಂದಿಯಲ್ಲಿ.

ಡಬ್ಬಿಗೋ, ಸ್ವಂತ ತಮ್ಮನಿಗೋ, ಯಾರಿಗೆ ಗೊತ್ತು? ಹುಬ್ಬಳ್ಳಿಯಲ್ಲಿ ಪಂಪಿನ ಶಾಫ್ಟ್ ರಿಪೇರಿ ಮಾಡಿಕೊಂಡಿದ್ದವ ನಾನು, ಬಂದೂಕಿನ ಉಸಾಬರಿ ನನಗ್ಯಾಕೆ?

"ಹಾಜಿ, ಲೈಸೆನ್ಸ್ ಕೊಡಿ. ಕೆಲಸ ಮುಗಿಯೋತನಕ ನನ್ನ ಹತ್ತಿರ ಇರಲಿ," ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದರೆ ನಿನ್ನ ಇಕಾಮಾ ಕೊಡು. ನೀನೇ ಇದನ್ನು ಎತ್ತಿಕೊಂಡು ಓಡಿದರೆ?"

ಅವನ ಲೈಸೆನ್ಸನ್ನೂ ಕುವೈತಿನಲ್ಲಿರಲು ನನಗಿದ್ದ ಆ ಪರವಾನಗಿಯನ್ನೂ ಅದಲುಬದಲು ಮಾಡಿ ಜೇಬಿಗಿಟ್ಟುಕೊಂಡೆವು. ನಾನು ಹಿತ್ತಾಳೆಯಲ್ಲಿ ಮಣಿ ಮಾಡಿ ಕೂರಿಸುವಷ್ಟೂ ಹೊತ್ತು ಅವನು ನನ್ನ ಕೈ ನೋಡುತ್ತಿದ್ದ, ನಾನು ಬಾಗಿಲು ನೋಡುತ್ತಿದ್ದೆ. ಕೊನೆಗೆ ನಾನು "ಖಲಾಸ್" ಎಂದಾಗ ಇಬ್ಬರಿಗೂ ಎಷ್ಟು ಹಗುರವಾಯಿತೆಂದರೆ, ಅವನ ಗಾಡಿ ಹೋದ ಮೇಲೆಯೇ ನಾನು ಜೇಬು ಮುಟ್ಟಿ ನೋಡಿದ್ದು. ಒಳಗೆ ಅವನ ಲೈಸೆನ್ಸ್ ಇತ್ತು, ನನ್ನ ಇಕಾಮಾ ಅವನ ಜೇಬಲ್ಲೇ ಹೋಗಿತ್ತು.

ರಸ್ತೆಯಲ್ಲಿ ಪೊಲೀಸರು ಕಾಗದ ಕೇಳಿದರೆ ಗತಿಯಿಲ್ಲ ಎಂದು ಎರಡು ದಿನ ಅಂಗಡಿಯಲ್ಲೇ ಮಲಗಿದೆ. ಮೂರನೆಯ ದಿನ ಮುದುಕ ಬಂದು, "ಡಬ್ಬಿ ಬಿತ್ತು," ಎಂದು ಇಕಾಮಾ ಕೊಟ್ಟು ತನ್ನ ಲೈಸೆನ್ಸ್ ತಗೊಂಡ.

ಅಲ್ಲಿಯವರೆಗೆ ಕುವೈತಿನಲ್ಲಿ ರಿವಾಲ್ವರ್ ಇಟ್ಟುಕೊಳ್ಳಲು ನನ್ನ ಹತ್ತಿರ ಕಾಗದವಿತ್ತು, ನಾನು ಅಲ್ಲಿ ಇರುವುದಕ್ಕೆ ಮಾತ್ರ ಇರಲಿಲ್ಲ.