ರೈಟರ್ ಮನೆಯ ಹಿಂದಿನ ಹಲಸು

ಈ ಹಲಸಿನ ಕಸಿ ಕಡ್ಡಿಗೆ ನಾನು ತೆತ್ತ ಬೆಲೆ ನನ್ನ ಬಟರ್‌ಫ್ರೂಟ್ ತಳಿ. ಊರವರದೆಲ್ಲ ಮುಗಿದ ಮೇಲೆ ನನ್ನ ಮರ ಕೊಯ್ಲಿಗೆ ಬರುತ್ತದೆ. ಆಗ ಸಂತೆಯಲ್ಲಿ ನಾನು ಹೇಳಿದ್ದೇ ರೇಟು. ಅದಕ್ಕೇ ಅದರ ಒಂದು ಕಡ್ಡಿಯನ್ನೂ ಯಾರಿಗೂ ಕೊಟ್ಟವನಲ್ಲ. ಒಮ್ಮೆ ಮಾತ್ರ ಕೊಟ್ಟದ್ದು, ಅದೂ ಹೆಂಡತಿಗಾಗಿ.

ಮದುವೆಯಾದ ಹೊಸದರಲ್ಲಿ ಬಾಳೆಲೆ ಕಡೆಯ ಎಸ್ಟೇಟೊಂದರಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನಮಗೆ ಕೊಟ್ಟ ಮನೆಯ ಹಿಂದೆ ಒಂದು ಹಲಸಿನ ಮರ. ಕೇಸರಿ ಬಣ್ಣದ ತೊಳೆ, ಕಚ್ಚಿದರೆ ಕರುಕ್ಕೆನ್ನುತ್ತಿತ್ತು. ಕುಶಾಲನಗರದ ಹತ್ತಿರ ಸ್ವಂತ ಜಾಗ ಮಾಡಿಕೊಂಡು ಬಂದಾಗ ಅವಳು ಅದರ ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಳು. ನೆಟ್ಟೆವು, ಮರವಾಯಿತು, ಹಣ್ಣೂ ಬಿಟ್ಟಿತು. ಒಂದು ತೊಳೆ ಬಾಯಿಗಿಟ್ಟವಳು, "ಇದು ಅದಲ್ಲ ಬಿಡಿ" ಎಂದು ಉಳಿದದ್ದನ್ನು ಹಸುವಿಗೆ ಹಾಕಿದಳು. ಬೀಜದಿಂದ ಬಂದ ಹಲಸಿಗೆ ತಾಯಿಮರದ ರುಚಿ ಬಂದೇಬರುತ್ತದೆ ಎನ್ನುವಂತಿಲ್ಲ. ಆಮೇಲೆ ಯಾರ ಮನೆಯ ಹಲಸು ತಿಂದರೂ ಅವಳದು ಅದೇ ಮಾತು.

ಹೋದ ಬೇಸಿಗೆ ಗೋಣಿಕೊಪ್ಪಲಿನ ಸಂತೆಯಲ್ಲಿ ಸುದ್ದಿ ಕಿವಿಗೆ ಬಿತ್ತು: ಎಸ್ಟೇಟಿನ ಆ ಹಲಸು ರೈಟರ್ ಮನೆಯ ಕಡೆ ವಾಲಿದೆ, ಎರಡು ದಿನದಲ್ಲಿ ಕಡಿಸುತ್ತಾರೆ. ಅಲ್ಲಿಂದಲೇ ಬಸ್ಸು ಹಿಡಿದೆ. ಆ ಎಸ್ಟೇಟು ಈಗ ಗಿಡಗಳ ಹುಚ್ಚಿರುವ ಹಿರಿಯ ಹೆಂಗಸೊಬ್ಬರದು.

"ಕಡ್ಡಿಗೆ ಎಷ್ಟು ಕೊಡ್ಲಿ ಅಕ್ಕಾ?"

"ಕಡ್ಡಿ ಮಾರೋದುಂಟಾ? ನಿಮ್ಮ ಬಟರ್‌ಫ್ರೂಟ್ ಕಡ್ಡಿ ತನ್ನಿ, ಇದನ್ನ ಕೊಯ್ಕೊಳ್ಳಿ."

"ಹಣ್ಣೇ ಒಂದು ಮೂಟೆ ತಂದು ಹಾಕ್ತೀನಿ."

"ಹಣ್ಣು ತಿಂದ್ರೆ ಮುಗೀತು. ಸಂತೇಲಿ ನಿಮ್ಮ ಜೋರು ನಾನು ನೋಡಿಲ್ವಾ!"

ಮರುದಿನ ಕಡ್ಡಿ ಒಯ್ದು ಕೊಟ್ಟೆ, ಹಲಸಿನದನ್ನು ಕೊಯ್ದು ತಂದೆ. ನಮ್ಮ ಬೀಜದ ಮರದಡಿ ಹುಟ್ಟಿದ್ದ ಸಸಿಗಳಿಗೇ ಕಸಿ ಕಟ್ಟಿದೆ. ಒಂದೇ ಒಂದು ಚಿಗುರಿತು. ತಾಯಿಮರ ಈಗ ಇಲ್ಲ.

ಹೆಂಡತಿ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಚಿಗುರಿನ ಮುಂದೆ ನಿಲ್ಲುತ್ತಾಳೆ.

"ಇದು ಹಣ್ಣು ಬಿಡೋ ಹೊತ್ತಿಗೆ ನನಗೆ ಹಲ್ಲಿರುತ್ತಾ?"

"ಕಸಿ ಕಣೆ, ಬೇಗ ಬಿಡುತ್ತೆ."

"ಸಂತೇಲೂ ನೀವು ಹೀಗೇ ಹೇಳೋದು" ಎನ್ನುತ್ತಾಳೆ. ಆದರೂ ಕದಲುವುದಿಲ್ಲ.

ನೀವು ಹಲಸಿಗೆ ಕಸಿ ಕಟ್ಟುವುದಾದರೆ ಕಡ್ಡಿ ಕೊಯ್ಯುವ ಒಂದು ವಾರ ಮುಂಚೆಯೇ ಅದರ ಎಲೆ ಕತ್ತರಿಸಿ, ತೊಟ್ಟು ಮಾತ್ರ ಉಳಿಸಿ; ಆಗ ತುದಿಮೊಗ್ಗು ಉಬ್ಬಿಕೊಳ್ಳುತ್ತದೆ. ನನಗೆ ಆ ವಾರ ಸಿಗಲಿಲ್ಲ. ಕೊಯ್ದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ, ಅಂದೇ ಕಟ್ಟಿ, ತೇವ ಆರದಂತೆ ಮೇಲೆ ಐಸ್‌ಕ್ಯಾಂಡಿಯ ಪ್ಲಾಸ್ಟಿಕ್ ಕವರ್ ತೊಡಿಸಿ. ಮರ ಕಡಿಯುವ ಸುದ್ದಿ ಬರಲೆಂದು ಕಾಯಬೇಡಿ. ನಿಮ್ಮವರು ನೆನೆಸಿಕೊಳ್ಳುವ ಹಣ್ಣು ಯಾರ ಹಿತ್ತಲಲ್ಲಿದ್ದರೂ ಈ ವರ್ಷವೇ ಹೋಗಿ ಕೇಳಿ. ಹೋಗುವಾಗ ನಿಮ್ಮ ಅತ್ಯುತ್ತಮ ಗಿಡದ ಕಡ್ಡಿಯೂ ಚೀಲದಲ್ಲಿರಲಿ, ಎರಡು ಸಲ ಬಸ್ ಚಾರ್ಜು ಕೊಡುವುದು ತಪ್ಪುತ್ತದೆ.