ಕೆಪಾಸಿಟರಿಗೂ ಬೆಳೆಯುವ ವಯಸ್ಸು

ಇವತ್ತು ಮಾಡಿದ ಕೆಲಸಗಳು ಇಷ್ಟು: ಅಂಗಳ ಗುಡಿಸಿ ನೀರು ಚಿಮುಕಿಸಿದ್ದು, ಬುತ್ತಿಗೆಂದು ಜೋಳದ ರೊಟ್ಟಿ ಬಡಿದು ಶೇಂಗಾ ಚಟ್ನಿ ಕಟ್ಟಿದ್ದು, ಮಾಳಿಗೆಯ ಮೇಲೆ ಹರವಿದ್ದ ಮೆಣಸಿನಕಾಯಿ ಒಳಗೆ ತಂದದ್ದು, ಯಜಮಾನರ ಅಂಗಿಗೆ ಗುಂಡಿ ಹಚ್ಚಿದ್ದು, ಗದ್ವಾಲಕ್ಕೆ ಹೋಗಿ ಮಾನಿಟರಿಗೆ ಕೆಪಾಸಿಟರ್ ಆರಿಸಿ ತಂದದ್ದು, ಅರ್ಧಕ್ಕೆ ನಿಂತಿದ್ದ ಸೀರೆಯ ಅಂಚನ್ನು ಮುಗಿಸಿದ್ದು. ಮುಸುರೆ ತಿಕ್ಕುವುದು ಉಳಿಯಿತು. ಅದು ನಾಳೆಗೆ.

ನಾರಾಯಣಪೇಟೆಯಲ್ಲಿ ನಾನು ಮಗ್ಗದವರಿಗೆ ಅಂಚಿನ ನಕ್ಷೆ ಮಾಡಿಕೊಡುತ್ತೇನೆ. ಮೊದಲು ಚೌಕುಳಿ ಹಾಳೆಯ ಮೇಲೆ ಸೀಸದಕಡ್ಡಿಯಲ್ಲಿ ಮಾಡುತ್ತಿದ್ದೆ, ಈಗ ಬಹಳ ವರ್ಷಗಳಿಂದ ಕಂಪ್ಯೂಟರಿನಲ್ಲಿ. ಒಂದು ಚೌಕಕ್ಕೆ ಒಂದು ಎಳೆ, ಎಳೆಗೊಂದು ಬಣ್ಣ. ಈ ಸಲದ ಅಂಚು ಮನೆಯದೇ. ಗದ್ವಾಲದಲ್ಲಿರುವ ನಮ್ಮ ಯಜಮಾನರ ಅಕ್ಕನ ಮಗಳಿಗೆ ನಿಶ್ಚಯ ಆಗಬೇಕು, ಆ ದಿನ ಉಡುವ ಸೀರೆ. ಅದನ್ನು ನಮ್ಮ ಹಿಂದಿನ ಓಣಿಯ ನೇಕಾರಳೇ ನೇಯಬೇಕೆಂದು ಅಕ್ಕನ ಹಟ. ಗೋಪುರದ ಅಂಚಿನ ಹಲ್ಲುಗಳನ್ನು ಅವಳಷ್ಟು ಚೂಪಾಗಿ ಎತ್ತುವವರು ನಮ್ಮ ಕಡೆ ಕಡಿಮೆ. ಹಾಸಿನ ನೂಲು ಕೊಟ್ಟು ಕೂಲಿಗೆ ನೇಯಿಸುವ ಸೇಟು ಅವಳ ಮಗ್ಗಕ್ಕೆ ಕಾಯುತ್ತಿದ್ದ, ಹಾಗಾಗಿ ಅವಳು ಮೊದಲೇ ಹೇಳಿಬಿಟ್ಟಿದ್ದಳು:

“ಶುಕ್ರವಾರ ಮುಂಜಾನಿ ನಕ್ಷೆ ನನ್ನ ಕೈಯಾಗ ಇರ್ಬೇಕು ನೋಡ್ರಿ ಅಕ್ಕಾ. ಇಲ್ಲಾಂದ್ರ ಸೇಟು ತನ್ನ ಹಾಸು ತಂದು ಮಗ್ಗಕ್ಕ ಏರಿಸಿ ಹೋಗ್ತಾನ. ಆಮ್ಯಾಲ ನಾ ಖಾಲಿ ಆಗೋದ್ರಾಗ ನಿಮ್ಮ ಹುಡುಗಿ ನಿಶ್ಚಯ ಅಲ್ಲ, ಸೀಮಂತನೂ ಮುಗದಿರ್ತೈತಿ.”

ಹೀಗಿರುವಾಗ ಸೋಮವಾರ ಮಾನಿಟರ್ ಕೈಕೊಟ್ಟಿತು. ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಚಿತ್ರ ಒಮ್ಮೆ ಇಣುಕುತ್ತದೆ, ಸಾಲ ಕೇಳುವವರು ಬಂದರೇನೋ ಎಂದು ಬಾಗಿಲು ಮುಚ್ಚಿಕೊಂಡವರ ಹಾಗೆ ಕತ್ತಲಾಗುತ್ತದೆ. ಹೊಸದು ತಂದುಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಈ ಪರದೆಯ ಕೆಂಪು ಮತ್ತು ನಮ್ಮ ಬಣ್ಣದವನು ಹಂಡೆಯಲ್ಲಿ ಅದ್ದಿ ತೆಗೆದ ನೂಲಿನ ಕೆಂಪು ಎರಡೂ ನನ್ನ ಕಣ್ಣಿಗೆ ಹೊಂದಿಕೊಂಡು ವರ್ಷಗಳಾಗಿವೆ. ಪಕ್ಕದ ಮನೆಯವರ ಮಾನಿಟರ್ ತಂದು ಹಚ್ಚಿ ನೋಡಿದೆ. ನನ್ನ ಕುಂಕುಮಗೆಂಪು ಅದರಲ್ಲಿ ಟೊಮ್ಯಾಟೊ ಆಗಿ ಕೂತಿತ್ತು. ಹಾಗೇ ವಾಪಸ್ ಕೊಟ್ಟೆ.

“ತೆಗಿ, ನಾ ನೋಡ್ತೀನಿ,” ಎಂದರು ಯಜಮಾನರು. ಅವರದು ಶಾಲೆಯ ಯೂನಿಫಾರ್ಮ್ ಬಟ್ಟೆಯ ಅಂಗಡಿ. ಆದರೆ ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನನ್ನ ತವರಿನ ರೇಡಿಯೋ ಎಲ್ಲವೂ ಅವರ ಕೈಯಿಂದ ಒಮ್ಮೆಯಾದರೂ ಬಿಚ್ಚಿಸಿಕೊಂಡಿವೆ. ಕೆಲವು ತಿರುಗಿ ಕೂಡಿಯೂ ಇವೆ. ವೈರು ಕಿತ್ತು, ಒಳಗೆ ಕರೆಂಟು ಉಳಿದಿರುತ್ತದೆಂದು ರಾತ್ರಿಯೆಲ್ಲ ಬಿಟ್ಟು, ಮಂಗಳವಾರ ಬೆಳಿಗ್ಗೆ ಹಿಂದಿನ ಮುಚ್ಚಳ ತೆಗೆದರು. ಸರ್ಕ್ಯೂಟಿನ ಹಸಿರು ಹಲಗೆಯ ಮೇಲೆ, ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳಲ್ಲಿ ಮೂರು ಊಟ ಹೆಚ್ಚಾದ ಬೀಗರಂತೆ ಉಬ್ಬಿ ಕೂತಿದ್ದವು. ಉಳಿದವುಗಳ ತಲೆ ಮಟ್ಟಸವಾಗಿತ್ತು.

“ಈ ಮೂರು ಕೆಪಾಸಿಟರ್ ಹೋಗ್ಯಾವ. ಬ್ಯಾರೆ ಹಾಕಿದ್ರ ಮುಗೀತು.”

ಯಾವ ಕಾಲು ಯಾವ ಕಡೆ ಇತ್ತು ಎಂಬುದು ತಪ್ಪಬಾರದೆಂದು ಅವುಗಳ ಮೈಮೇಲೆ ಬಿಳಿ ಪಟ್ಟಿ ಇದ್ದ ಬದಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದರು. ಅಷ್ಟರವರೆಗೆ ನನಗೂ ಅವರ ಮೇಲೆ ಗೌರವವಿತ್ತು.

ಅವತ್ತೇ ಇಬ್ಬರೂ ಮಕ್ತಲಕ್ಕೆ ಹೋದೆವು. ಅಲ್ಲಿಯ ರೇಡಿಯೋ ಸಾಮಾನಿನ ಅಂಗಡಿಯವನು ನಾವು ಕಿತ್ತು ತಂದಿದ್ದ ಹಳೆಯದನ್ನು ನೋಡಿ, ಸಾವಿರ ಮೈಕ್ರೋ, ಇಪ್ಪತ್ತೈದು ವೋಲ್ಟು ಎಂದು ಓದಿ, ಅಂಥವೇ ಸಣ್ಣವನ್ನು ಮುಂದಿಟ್ಟ. ಯಜಮಾನರು ಬೆರಳಿನಲ್ಲಿ ಹಿಡಿದು ತಿರುಗಿಸಿದರು, ತೂಗಿದರು, ಮುಖ ಕಿವುಚಿದರು. ಅವರ ಅಂಗಡಿಯ ಪದ್ಧತಿ ನನಗೆ ಗೊತ್ತು. ಹುಡುಗನನ್ನು ಕರೆದುಕೊಂಡು ಬರುವುದೇ ಬೇಡ, ಅಪ್ಪನನ್ನು ನೋಡಿ ಮಗನಿಗೆ ಬಟ್ಟೆ ಹರಿಯುತ್ತಾರೆ, ಅದರ ಮೇಲೆ ನಾಲ್ಕು ಬೆರಳು ಹೆಚ್ಚು ಬಿಡುತ್ತಾರೆ. ಬೆಳೆಯುವ ಮಕ್ಕಳು, ಇರಲಿ ಎನ್ನುತ್ತಾರೆ. ನಾರಾಯಣಪೇಟೆಯ ಅರ್ಧ ಮಕ್ಕಳು ಜೂನಿನಲ್ಲಿ ತೋಳು ಮಡಚಿಕೊಂಡು ಶಾಲೆಗೆ ಹೋಗುವುದು ಇವರ ದಯೆ.

“ಇದಕ್ಕಿಂತ ದೊಡ್ಡದು ಇಲ್ಲೇನು?” ಎಂದು ತೆಲುಗಿನಲ್ಲಿ ಕೇಳಿದರು.

ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಲೇ ಇನ್ನೊಂದು ಡಬ್ಬಿ ಸರಿಸಿದ. ಅರವತ್ತಮೂರು ವೋಲ್ಟಿನವು. ಗಿರಣಿ ಮಾಲೀಕನ ಮಕ್ಕಳ ಹಾಗೆ ದುಂಡಗೆ, ಎತ್ತರಕ್ಕೆ, ಮಿರಿಮಿರಿ ಮಿಂಚುತ್ತಿದ್ದವು.

“ರೀ, ಹಳೇದು ನನ್ನ ಕಿರಿಬೆರಳಿನಷ್ಟು ಐತಿ. ಇದು ನಿಮ್ಮ ಹೆಬ್ಬೆರಳು ಐತಲ್ರಿ,” ಎಂದೆ.

“ವೋಲ್ಟು ಜಾಸ್ತಿ ಇದ್ರ ಏನೂ ಆಗಂಗಿಲ್ಲ. ತಡಕೊಳ್ಳೋ ತಾಕತ್ತು ಅಷ್ಟ ಅದು. ಗಟ್ಟಿ ಇರ್ಲಿ.”

“ತಾಕತ್ತು ಸರಿ, ನಿಂದ್ರಾಕ ಜಾಗ?”

“ನೀ ನಕ್ಷೆ ನೋಡ್ಕೊ. ಇದು ಬ್ಯಾರೆ ಲೆಕ್ಕ.”

ವೋಲ್ಟಿನ ಲೆಕ್ಕದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ಜಾಗದ ಲೆಕ್ಕ ಮನೆಗೆ ಬಂದ ಮೇಲೆ ತಿಳಿಯಿತು. ಮೂರರಲ್ಲಿ ಒಂದೂ ನೆಟ್ಟಗೆ ನಿಲ್ಲಲಿಲ್ಲ. ಉದ್ದ ಕಾಲು ಬಿಟ್ಟು, ಬಗ್ಗಿಸಿ, ಕಟ್ಟೆಯ ಮೇಲೆ ಮಲಗಿಸಿದ ಹಾಗೆ ಅಡ್ಡ ಮಲಗಿಸಿ ಬೆಸುಗೆ ಹಾಕಿದರು. ಮಾನಿಟರ್ ಹತ್ತಿತು. ಮುಚ್ಚಳ ಮಾತ್ರ ಕೂಡಲಿಲ್ಲ. ಮೊಣಕಾಲು ಊರಿ ಒತ್ತಿ, ತಮ್ಮ ಅಂಗಡಿಯಿಂದ ಖಾಕಿ ಬಟ್ಟೆಯ ಅಂಚಿನ ಪಟ್ಟಿ ತಂದು ಸುತ್ತಲೂ ಬಿಗಿದು ಗಂಟು ಹಾಕಿದರು. ತಲೆನೋವಿಗೆ ಪಟ್ಟಿ ಕಟ್ಟಿಕೊಂಡ ಮುದುಕಿಯಂತೆ ಕಾಣುತ್ತಿದ್ದ ಅದರ ಮುಂದೆ ಕೂತು ನಾನು ಗೋಪುರಗಳನ್ನು ತುಂಬಿದೆ. ಬುಧವಾರ ಮಧ್ಯಾಹ್ನ, ಕೆಂಪು ಅರ್ಧ ಆಗಿತ್ತು, ಒಳಗೆ ಟಕ್ ಎಂದಿತು. ಕತ್ತಲು. ಮುಚ್ಚಳ ತೆಗೆದರೆ, ಒತ್ತಿಸಿಕೊಂಡ ಒಂದು ಹೆಬ್ಬೆರಳು ಗಾತ್ರದ ಕೆಪಾಸಿಟರ್ ಕಾಲು ಕಿತ್ತುಕೊಂಡು ವಾಲಿತ್ತು.

ಅಕ್ಕ ದಿನಾ ಫೋನು ಮಾಡಿ ವಿಚಾರಿಸುತ್ತಿದ್ದಳು. ಅವತ್ತು ಸಂಜೆ ನಾನು ಇದ್ದದ್ದನ್ನು ಹೇಳಿದೆ. “ನಾಳಿ ಇಬ್ರೂ ಇಲ್ಲಿಗೆ ಬರ್ರಿ. ಬರೋವಾಗ ಆ ಹಲಗಿನೂ ತರ್ರಿ. ಅಂವನ್ನ ಒಬ್ಬನ್ನ ಅಂಗಡಿಗೆ ಬಿಡಬ್ಯಾಡ,” ಎಂದಳು. ಬೀಗರಿಗೆ, ಹುಡುಗಿಯ ಸೋದರಮಾವನ ಮನೆಯಿಂದ ನಾರಾಯಣಪೇಟೆ ಸೀರೆ ಬರುತ್ತದೆಂದು ಅವಳು ಆಗಲೇ ಹೇಳಿಯಾಗಿತ್ತು.

ಹಾಗೆ ಇವತ್ತು, ಗುರುವಾರ, ಬೆಳಗಿನ ಬಸ್ಸು. ಮಕ್ತಲ್ ದಾಟಿ ಜುರಾಲ ಅಣೆಕಟ್ಟಿನ ಹತ್ತಿರ ಮೀನು ಕರಿಯುವ ವಾಸನೆಗೆ ಯಜಮಾನರು ಮೂಗಿಗೆ ಕರವಸ್ತ್ರ ಹಿಡಿದರು. ಕರವಸ್ತ್ರದ ಹಿಂದಿನಿಂದಲೇ, ದೊಡ್ಡದು ಹಾಕಿದ್ದು ತಪ್ಪಲ್ಲ, ಮುಚ್ಚಳ ಮಾಡಿದವನದು ತಪ್ಪು ಎಂದು ನನಗೆ ತಿಳಿಸಿ ಹೇಳಿದರು.

ಗದ್ವಾಲದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ನಿಂತಿದ್ದಳು. ನೀರು ಕುಡಿಯಲೂ ಬಿಡದೆ ಅಂಗಡಿಗೆ ಕರೆದೊಯ್ದಳು. ದೊಡ್ಡವನ್ನು ಕಿತ್ತು ತೆಗೆದ ಹಲಗೆಯನ್ನು ರವಿಕೆಯ ಖಣದ ಬಟ್ಟೆಯಲ್ಲಿ ಸುತ್ತಿ ತಂದಿದ್ದೆವು. ಯಜಮಾನರು ಅದನ್ನು ಚೀಲದಲ್ಲೇ ಬಿಟ್ಟು ಬಾಯಿಮಾತಿನಲ್ಲಿ ಶುರು ಮಾಡಿದರು: “ಮೂವತ್ತೈದು ವೋಲ್ಟಿಂದು ಇದ್ರ...”

“ಹಲಗಿ ತೆಗಿಯೋ ತಮ್ಮಾ,” ಎಂದಳು ಅಕ್ಕ. “ನನ್ನ ಮಗಳ ಎರಡನೇ ವರ್ಷದ ಹುಟ್ಟುಹಬ್ಬಕ್ಕ ನೀ ಹೊಲಿಸಿದ ಫ್ರಾಕು ಆಕಿಗೆ ಮೂರನೇ ಕ್ಲಾಸಿನ್ಯಾಗ ಸರಿ ಆತು. ಕೂಸಿನ್ನ ಮುಂದ ನಿಂದ್ರಿಸಿ ಅಳತಿ ತೊಗೊ.”

“ಅಕ್ಕಾ, ಇದು ಫ್ರಾಕ್ ಅಲ್ಲ.”

“ಅದಕ್ಕ ಹೇಳ್ತೀನಿ. ಕೂಸು ಬೆಳೀತಿತ್ತು, ಇದು ಬೆಳಿಯಂಗಿಲ್ಲ.”

ಅಂಗಡಿಯಲ್ಲಿ ಎರಡು ಬಗೆ ಇದ್ದವು. ಎರಡೂ ಸಾವಿರ ಮೈಕ್ರೋ, ಇಪ್ಪತ್ತೈದು ವೋಲ್ಟು. ಒಂದು ಹಳೆಯದರ ಅಳತೆಗೆ ಸರಿಯಾಗಿತ್ತು, ಆದರೆ ಮೈಮೇಲೆ, ಅದು ತಡೆಯುವ ಕಾವು ಎಂಬತ್ತೈದು ಡಿಗ್ರಿ ಎಂದು ಬರೆದಿತ್ತು. ಇನ್ನೊಂದು ಅಷ್ಟೇ ಎತ್ತರ, ಸ್ವಲ್ಪ ದಪ್ಪ, ಅದರ ಮೇಲೆ ನೂರೈದು ಡಿಗ್ರಿ. ಹಳೆಯದರ ಮೇಲೂ ನೂರೈದೇ ಇತ್ತು. ಯಜಮಾನರು ಈಗ ಪೂರ್ತಿ ಮಗುಚಿಕೊಂಡಿದ್ದರು. ಸಣ್ಣದೇ ಇರಲಿ, ಸಲೀಸಾಗಿ ಕೂಡುತ್ತದೆ, ನಮ್ಮ ಮನೆಯಲ್ಲಿ ಅಷ್ಟು ಎಲ್ಲಿ ಕಾಯುತ್ತದೆ ಎಂದರು. ನಿನ್ನೆ ಸುಟ್ಟುಕೊಂಡ ಬಾಯಿ.

“ಕಾಯ್ತೈತ್ರಿ,” ಎಂದೆ. “ಎಡಗಡೆ ಜಾಸ್ತಿ ಕಾಯ್ತೈತಿ. ಇವು ಮೂರೂ ಎಡಗಡೆನ ಅದಾವ.”

“ನಿನಗ ಹೆಂಗ ಗೊತ್ತು?”

“ಚಳಿಗಾಲದಾಗ ಹೆಪ್ಪು ಹಾಕಿ ಅದರ ಹಿಂದ ಇಡ್ತೀನಲ್ರಿ. ಎಡಕ್ಕ ಇಟ್ರ ಮುಂಜಾನಿಗೆ ಗಟ್ಟಿ ಮೊಸರು. ಬಲಕ್ಕ ಇಟ್ರ ಹಾಲು ಹಾಲಾಗೇ ಇರ್ತೈತಿ.”

ಅಕ್ಕ ಅಂಗಡಿಯ ಗಲ್ಲೆಗೆ ಒರಗಿಕೊಂಡು ನಕ್ಕಳು. ಯಜಮಾನರು ನಗಲಿಲ್ಲ.

“ಗಾಳಿ ಕಿಂಡಿ ಮುಂದ ಮೊಸರಿನ ಗಡಿಗಿ? ಅದರ ಮ್ಯಾಲ ಟವೆಲ್ ಬ್ಯಾರೆ ಹೊಚ್ಚಿರ್ತಿ. ಹಂಗಾರ ಇವನ್ನ ಉಬ್ಬಿಸಿದಾಕಿ ನೀನ.”

“ಉಂಡೋರು ಯಾರ್ರೀ?” ಎಂದೆ. ಗಟ್ಟಿ ಮೊಸರಿಲ್ಲದಿದ್ದರೆ ತಾಟು ಸರಿಸಿ ಏಳುವವರು ಅವರೇ.

ನೂರೈದೇ ಬೇಕು ಎಂದಾಯಿತು. ಆದರೆ ದಪ್ಪ ಹಿಡಿಸೀತೆ? ಹಲಗೆಯನ್ನು ಗಾಜಿನ ಮೇಲಿಟ್ಟು, ಒಂದೊಂದನ್ನೇ ಅದರದರ ತೂತಿನಲ್ಲಿ ಕಾಲು ತೂರಿಸಿ ನಿಲ್ಲಿಸಿದರು. ಮೊದಲನೆಯದು ನಿಂತಿತು. ಮೂರನೆಯದು ನಿಂತಿತು. ನಡುವಿನದನ್ನು ಇಳಿಸುವಾಗ ಅಕ್ಕ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಬಳೆ ಒತ್ತುವಷ್ಟು. ಬಸ್ಸಿನ ಮೂವರ ಸೀಟಿನಲ್ಲಿ ದಪ್ಪನೆಯ ಮೂವರು ಕೂತ ಹಾಗೆ, ಭುಜಕ್ಕೆ ಭುಜ ತಾಗಿಸಿ, ಅದೂ ಕೂತಿತು. ಯಜಮಾನರು ಜೇಬಿನ ಟೇಪು ತೆಗೆದು ಎತ್ತರ ಅಳೆದರು. ಹಳೆಯದಕ್ಕೂ ಹೊಸದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಳೆದಾದ ಮೇಲೆ, ಹೆಚ್ಚಿಗೆ ಇನ್ನೊಂದು ಮೂರು ಇರಲಿ ಎಂದರು. ಅಷ್ಟು ಹೆಚ್ಚಿಗೆ ತೆಗೆದುಕೊಳ್ಳದೆ ಅವರಿಗೆ ಅಂಗಡಿಯ ಮೆಟ್ಟಿಲು ಇಳಿಯಲು ಬರುವುದಿಲ್ಲ ಎಂದು ಅಕ್ಕನಿಗೂ ಗೊತ್ತು.

“ನಾನೂ ಬರ್ತೀನಿ. ಅಂಚು ಕಣ್ಣಿಂದ ನೋಡ್ದಂಗ ನಾ ಹೋಗಂಗಿಲ್ಲ,” ಎಂದು ನಮ್ಮ ಜೊತೆಗೇ ಬಸ್ಸು ಹತ್ತಿದಳು.

ಮನೆಗೆ ಬಂದವರೇ ಯಜಮಾನರು ಸೀಮೆಸುಣ್ಣದ ಗೆರೆ ನೋಡಿ, ಬಿಳಿ ಪಟ್ಟಿ ಅದೇ ಬದಿಗೆ ಬರುವಂತೆ ಇಟ್ಟು ಬೆಸುಗೆ ಹಾಕಿದರು. ಮುಚ್ಚಳ ಒತ್ತಿದಾಗ ಟಿಕ್ ಎಂದು ತಾನೇ ಕೂಡಿತು. ಚಿತ್ರ ಬಂತು, ಬಂದದ್ದು ಹೋಗಲಿಲ್ಲ. ಅಕ್ಕ ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು ಕೂತು, ನಾನು ಒಂದೊಂದು ಚೌಕ ತುಂಬಿದಾಗಲೂ ತಾನೇ ನೇಯ್ದವಳ ಹಾಗೆ ಉಸಿರು ಬಿಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅಂಚು ಮುಗಿಯಿತು. ಪ್ರಿಂಟು ತೆಗೆದ ಹಾಳೆಗಳನ್ನು ಗಂಜಿಯಿಂದ ಅಂಟಿಸಿ ಉದ್ದ ಮಾಡಿದೆವು. ನೇಕಾರಳಿಗೆ ಹೇಳಿ ಕಳಿಸಿದರೆ ತಾನೇ ಬಂದಳು. ನಿಂತೇ ನೋಡಿದಳು, ಬೆರಳಿನಿಂದ ಹಲ್ಲುಗಳನ್ನು ಎಣಿಸಿದಳು.

“ಚಲೋ ಆಗೈತ್ರಿ. ಸೇಟುಗ ಬ್ಯಾರೆ ಮಗ್ಗ ನೋಡ್ಕೊ ಅಂತೀನಿ,” ಎಂದು ಹಾಳೆ ಸುರುಳಿ ಸುತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅಕ್ಕ ಬಾಗಿಲವರೆಗೆ ಹೋಗಿ, ಅವಳು ಓಣಿ ತಿರುಗುವವರೆಗೆ ನೋಡಿ ಬಂದಳು. ಕೂತವಳು ಮಗಳಿಗೆ ಫೋನು ಮಾಡಿ, ಆತು, ಸೀರಿ ಆಗ್ತೈತಿ ಎಂದಷ್ಟೇ ಹೇಳಿ ಇಟ್ಟಳು.

ಊಟಕ್ಕೆ ಅಕ್ಕ ತಂದ ಡಬ್ಬಿಯಲ್ಲಿದ್ದ ಎಣ್ಣೆಗಾಯಿ ಬದನೆ, ಸಜ್ಜೆ ರೊಟ್ಟಿ, ಬಿಸಿ ಅನ್ನಕ್ಕೆ ನಾನು ಮಾಡಿದ ಬೇಳೆ ಸಾರು, ಉಳ್ಳಾಗಡ್ಡಿ. ಯಜಮಾನರು ಎರಡು ರೊಟ್ಟಿ ಸಾಕೆಂದು ಮೂರನೆಯದನ್ನೂ ತಿಂದರು. ಮೊದಲು ಮಲಗಿದ್ದು ಅಕ್ಕ. ನಿಶ್ಚಯದ ದಿನ ಯಾರ್ಯಾರನ್ನು ಕರೆಯಬೇಕೆಂದು ಹೇಳುತ್ತಾ ಗೋಡೆಗೆ ಒರಗಿದ್ದಳು, ಬೀಗರ ಕಡೆಯ ಹೆಸರುಗಳಿಗೆ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಸೋಮವಾರದಿಂದ ಸರಿಯಾಗಿ ಮಲಗಿರಲಿಲ್ಲವಂತೆ. ದಿಂಬು ಕೊಟ್ಟು ಕೌದಿ ಹೊದಿಸಿದೆ.