ಕೊಸರಿಗೆ ಕೊಸರು

ನಮ್ಮದು ಹೊಸದುರ್ಗದಲ್ಲಿ ಮಂಡಕ್ಕಿ ಅಂಗಡಿ. ಅಳೆಯುವವರು ನಮ್ಮತ್ತೆ. ಸೇರು ತುಂಬಿ ಚೀಲಕ್ಕೆ ಸುರಿದ ಮೇಲೂ ಗಿರಾಕಿ ಚೀಲ ಮಡಚುವುದಿಲ್ಲ, ಬಾಯಿ ತೆರೆದು ಹಿಡಿದೇ ನಿಲ್ಲುತ್ತಾನೆ. ಅವನಿಗೆ ಕೊಸರು ಬೇಕು, ಅಳತೆ ಮುಗಿದ ಮೇಲೆ ಪುಕ್ಕಟೆ ಬೀಳುವ ಆ ಒಂದು ಹಿಡಿ. ಅತ್ತೆ ಕೊಡುವುದಿಲ್ಲ ಅನ್ನುತ್ತಾರೆ, ಅವನು ಹೋಗುವುದಿಲ್ಲ ಅನ್ನುತ್ತಾನೆ. ಒಬ್ಬರ ವಂಶವನ್ನೊಬ್ಬರು ಜಾಲಾಡಿದ ಮೇಲೇ ಹಿಡಿ ಬೀಳುವುದು. ನನಗೆ ಈ ಗಲಾಟೆಯೆಂದರೆ ತಲೆನೋವು.

ಎದುರಿಗೆ ಸೂಪರ್ ಮಾರ್ಕೆಟ್ ಬಂದಾಗ ನನ್ನ ಯಜಮಾನರು ಹೆದರಿಕೊಂಡರು. ಚಿತ್ರದುರ್ಗಕ್ಕೆ ಹೋಗಿ ಮಾರ್ಕೆಟಿಂಗ್ ತರಬೇತಿ ಮುಗಿಸಿ ಬಂದರು.

"ಅವ್ವಾ, ಇನ್ಮೇಲೆ ನಾವು ಕಸ್ಟಮರಿಗೆ ವ್ಯಾಲ್ಯೂ ಕೊಡ್ಬೇಕು."

"ಯಾವ ವಾಲು? ನಲ್ಲೀದಾ?" ಎಂದರು ಅತ್ತೆ.

ಮಂಡಕ್ಕಿ ಪ್ಯಾಕೆಟ್ ಸೇರಿತು. ಅಳೆಯುವ ಕೆಲಸವೇ ಇಲ್ಲವಾದ್ದರಿಂದ, ಆರಾಮಾಗಿರು ಎಂದು ಅತ್ತೆಯನ್ನು ಮನೆಗೆ ಕಳಿಸಿಬಿಟ್ಟರು. ಮಾಡದಕೆರೆಯಿಂದ ಸಂತೆಗೆ ಬರುವ ಕುರಿ ಕಾಯುವ ಅಜ್ಜ ಪ್ಯಾಕೆಟ್ಟನ್ನು ತಿರುಗಿಸಿ ನೋಡಿ, "ಇದ್ರಾಗೆ ಕೊಸರೆಲ್ಲೈತೆ?" ಎಂದ. ಯಜಮಾನರು ತಲೆ ಓಡಿಸಿ ಅಂಗೈಯಗಲದ ಪ್ಯಾಕೆಟ್ ಮಾಡಿಸಿ, ಮೇಲೆ 'ಕೊಸರು' ಎಂದು ಅಚ್ಚು ಹಾಕಿಸಿದರು. ಮುಂದಿನ ಸಂತೆಗೆ ಅಜ್ಜ ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಬಾಯಿ ತೆರೆದೇ ನಿಂತ.

"ಕೊಟ್ನಲ್ಲಜ್ಜ, ಕೊಸರು."

"ಅದು ನಾನು ಕೇಳಕ್ಕಿಂತ ಮೊದ್ಲೇ ಬಂದೈತೆ ಕಣಪ್ಪ. ಅದ್ಕೆ ಕೊಸರು ಹಾಕು."

ಇತ್ತ ಮನೆಯಲ್ಲಿ ಅತ್ತೆ ಮೆತ್ತಗಾಗುತ್ತಾ ಬಂದರು. ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದರು. ನನ್ನನ್ನು ಬೈಯುವುದೂ ನಿಂತಿತು. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಸುರಿದೆ. "ಚೆನ್ನಾಗೈತೆ" ಎಂದರು. ನನಗೆ ನಿಜಕ್ಕೂ ಭಯವಾಯಿತು.

ಮಾರನೇ ದಿನ ಎದುರಿನ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ನಮ್ಮ ಅಂಗಡಿಗೆ ಓಡಿಬಂದ. "ನಿಮ್ಮ ತಾಯಿ ಸೋಪಿಗೆ ಕೊಸರು ಕೇಳ್ತಿದಾರ್ರಿ. ಜನ ಎಲ್ಲಾ ಹಿಂದೆ ನಿಂತ್ಬಿಟ್ಟವ್ರೆ."

ಯಜಮಾನರು ನನಗೆ ಫೋನ್ ಮಾಡಿದರು, ನಾನೂ ಹೋದೆ. ಬಿಲ್ ಹಾಕುವ ಹುಡುಗಿಯ ಮುಂದೆ ಅತ್ತೆ ಚೀಲದ ಬಾಯಿ ತೆರೆದು ನಿಂತಿದ್ದರು. ಅವಳು ನಗುನಗುತ್ತಾ, "ಈ ಸೋಪಿಗೆ ಆಫರ್ ಇಲ್ಲ ಅಜ್ಜಿ" ಎನ್ನುತ್ತಿದ್ದಳು. ಮಗನನ್ನು ಕಂಡದ್ದೇ ಅತ್ತೆಯ ಕಣ್ಣು ತುಂಬಿತು.

"ಎಷ್ಟು ಬೈದ್ರೂ ನಗ್ತಾಳೆ ಕಣೋ."

ಯಜಮಾನರು ಅವ್ವನ ಕೈ ಹಿಡಿದು ರಸ್ತೆ ದಾಟಿಸಿ, ಅಂಗಡಿಯಲ್ಲಿದ್ದ ಪ್ಯಾಕೆಟ್ಟುಗಳನ್ನೆಲ್ಲಾ ಹರಿದು ಬುಟ್ಟಿಗೆ ಸುರಿದರು. ಕೊಸರಿನವನ್ನೂ ಬಿಡಲಿಲ್ಲ. ಸೇರನ್ನು ಅವ್ವನ ಕೈಗಿಟ್ಟರು. ಆದರೆ ಆ ಹೊತ್ತಿನಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಅತ್ತೆ ಖಾಲಿ ರಸ್ತೆ ನೋಡುತ್ತಾ ಕೂತಿದ್ದು ನನ್ನಿಂದ ನೋಡಲಾಗಲಿಲ್ಲ. ಹೊರಗೆ ಹೋಗಿ, ಗಿರಾಕಿಯಂತೆ ಮುಂದೆ ನಿಂತು ಸೆರಗೊಡ್ಡಿದೆ.

"ಒಂದು ಸೇರು ಹಾಕ್ರಿ ಅತ್ತೆ."

ಅಳೆದು ಸುರಿದರು. ನಾನು ಸೆರಗು ಮಡಚಲಿಲ್ಲ.

"ಏನೇ?"

"ಕೊಸರು."

"ಮನೆಯವಳಿಗೆಂಥಾ ಕೊಸರೇ? ನಿಮ್ಮಪ್ಪನ ಮನೇಲಿ ಇದೇ ಕಲ್ಸಿದ್ದಾ?"

"ನಮ್ಮಪ್ಪನ ಮನೇಲಿ ಇಷ್ಟು ಜಿಪುಣರಿರ್ಲಿಲ್ಲ."

ಅಲ್ಲಿಂದ ಶುರುವಾದದ್ದು ನನ್ನ ಮದುವೆಯ ಊಟದ ಹೋಳಿಗೆಯವರೆಗೂ ಹೋಯಿತು. ರಸ್ತೆಯಲ್ಲಿ ಹೋಗುವವರು ನಿಂತರು. ನಿಂತವರಲ್ಲಿ ಕೆಲವರು ಚೀಲ ಬಿಚ್ಚಿದರು. ಕೊನೆಗೆ ಒಂದಲ್ಲ, ಎರಡು ಹಿಡಿ ನನ್ನ ಸೆರಗಿಗೆ ಬಿತ್ತು. ನನಗೆ ಅಳುವೇ ಬಂತು.

ಮನೆಗೆ ಬಂದು ಅತ್ತೆ ಊಟಕ್ಕೆ ಕೂತರು. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಹೆಚ್ಚಾಗಿದೆ ಎಂದು ಅತ್ತೆ ನನ್ನನ್ನು ಬೈದು, ಇನ್ನೊಂದು ಮುದ್ದೆ ಹಾಕಿಸಿಕೊಂಡರು.